ಎರಡು, ನಾಲ್ಕು, ಆರು

ಆ ಮನೆಯ ಇತಿಹಾಸದಲ್ಲಿ ಅದುವರೆಗೆ ಯಾರೂ ಕಂಡರಿಯದ ಘಟನೆಯೊಂದು ಮಂಗಳವಾರ ಬೆಳಿಗ್ಗೆ ಏಳೂ ಮುಕ್ಕಾಲಿಗೆ ತಿಂಡಿಯ ಮೇಜಿನ ಬಳಿ ನಡೆದುಹೋಯಿತು: ಮಾವ ಸೊಸೆಯ ಎದುರು ಒಂದು ಆಟದಲ್ಲಿ ಸೋತರು. ಆಟಕ್ಕೆ ಬೇಕಾಗಿದ್ದ ಸಾಮಗ್ರಿಯೆಂದರೆ ಮೂರು ಅಂಕಿ, ಒಂದು ಪೆನ್ಸಿಲ್. ಹೊರಗಿನವರಿಗೆ ಇದು ಕ್ಷುಲ್ಲಕವಾಗಿ ಕಾಣಬಹುದು. ಆದರೆ ಇಪ್ಪತ್ತೇಳು ವರ್ಷ ಊರಿನ ನೀರು ಪರೀಕ್ಷೆ ಮಾಡಿ, ಒಂದು ದಿನವೂ ಸುಳ್ಳು ಬರೆದವರಲ್ಲ ಎಂದು ಹೆಸರು ಮಾಡಿದ ಮನುಷ್ಯನಿಗೆ, ಸ್ವಂತ ಮನೆಯಲ್ಲಿ, ಚಹಾ ಆರುವುದರೊಳಗೆ ಎರಡು ಸಲ 'ತಪ್ಪು' ಅನ್ನಿಸಿಕೊಳ್ಳುವುದು ಸಣ್ಣ ಸಂಗತಿಯಲ್ಲ.

ಸೊಸೆ ಓದುತ್ತಿದ್ದದ್ದು ಮನುಷ್ಯರು ಹೇಗೆ ತರ್ಕ ಮಾಡುತ್ತಾರೆ ಎಂಬ ವಿಷಯವನ್ನು. ಅದಕ್ಕಾಗಿ ನಲವತ್ತು ಜನರನ್ನು ಹಿಡಿದು ಕೂರಿಸಿ, ಒಂದೇ ಆಟ ಆಡಿಸಿ, ಅವರು ಹೇಳಿದ್ದನ್ನೆಲ್ಲ ಪಟ್ಟಿ ಮಾಡಬೇಕಿತ್ತು. ಮೂವತ್ತು ಜನ ಸಿಕ್ಕಿದ್ದರು. ಬೀದಿಯಲ್ಲಿ ಈಗ ಅವಳನ್ನು ಕಂಡರೆ ಜನ ಪಕ್ಕದ ಅಂಗಡಿಗೆ ನುಗ್ಗತೊಡಗಿದ್ದರಿಂದ ಮೂವತ್ತೊಂದನೆಯವರಾಗಿ ಮಾವ ಸಿಕ್ಕಿಬಿದ್ದರು.

"ನನ್ನ ತಲೇಲಿ ಒಂದು ನಿಯಮ ಇದೆ ಮಾವ," ಎಂದಳು. "ಎರಡು, ನಾಲ್ಕು, ಆರು. ಇದು ಆ ನಿಯಮಕ್ಕೆ ಹೊಂದುತ್ತೆ. ನೀವು ಹೀಗೇ ಮೂರು ಮೂರು ಅಂಕಿ ಹೇಳ್ತಾ ಹೋಗಿ. ಹೊಂದಿದ್ರೆ ಹೌದು ಅಂತೀನಿ, ಹೊಂದದಿದ್ರೆ ಇಲ್ಲ ಅಂತೀನಿ. ನಿಯಮ ಏನು ಅಂತ ಖಾತ್ರಿ ಆದ್ಮೇಲೆ ಹೇಳಿ."

"ಇಷ್ಟೇನಾ? ಇದಕ್ಕೆ ಸ್ಕಾಲರ್‌ಶಿಪ್ ಬೇರೆ ಕೊಡ್ತಾರಾ?" ಮಾವ ಕನ್ನಡಕ ಸರಿಮಾಡಿಕೊಂಡರು. "ಎಂಟು, ಹತ್ತು, ಹನ್ನೆರಡು."

"ಹೌದು."

"ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ನಾಲ್ಕು."

"ಹೌದು."

"ನೂರು, ನೂರೆರಡು, ನೂರನಾಲ್ಕು."

"ಹೌದು. ಇನ್ನೂ ಕೇಳಿ ಮಾವ, ಎಷ್ಟು ಬೇಕಾದ್ರೂ ಕೇಳಬಹುದು."

"ಸಾಕಮ್ಮ. ಸಮಸಂಖ್ಯೆ, ಎರಡೆರಡು ಜಾಸ್ತಿ ಆಗ್ತಾ ಹೋಗ್ತವೆ. ಬರ್ಕೋ."

"ತಪ್ಪು."

ಮಾವ ಲೋಟ ಕೆಳಗಿಟ್ಟರು. ಒಂದು ಮೂರು ಐದು ಎಂದರು, ಹೌದು ಎಂದಳು. ಹಾಗಾದರೆ ಸಮವೋ ಬೆಸವೋ ಎರಡೆರಡು ಹೆಚ್ಚಾಗುವುದೇ ನಿಯಮ ಎಂದರು. ಅದೂ ತಪ್ಪು ಎಂದಳು. ಕೊನೆಗೆ ಅವಳೇ ಬಾಯಿಬಿಟ್ಟಳು: ಪ್ರತಿ ಅಂಕಿಯೂ ಹಿಂದಿನದಕ್ಕಿಂತ ದೊಡ್ಡದಾಗಿರಬೇಕು, ಅಷ್ಟೇ. ಒಂದು, ಏಳು, ಒಂಬೈನೂರು ಅಂದಿದ್ದರೂ ಹೌದೇ.

"ಅದೂ ಒಂದು ನಿಯಮವಾ?"

"ನಿಯಮ ಇರ್ಲಿ ಮಾವ. ನೀವು ಒಂದ್ಸಲನಾದ್ರೂ ನನ್ನ ಬಾಯಲ್ಲಿ ಇಲ್ಲ ಅನ್ನಿಸೋಕೆ ನೋಡಿದ್ರಾ? ಆರು, ನಾಲ್ಕು, ಎರಡು ಅಂತ ಕೇಳಿದ್ರೆ ಇಲ್ಲ ಅಂತಿದ್ದೆ. ಆಗ ಗೊತ್ತಾಗ್ತಿತ್ತು."

"ಇಲ್ಲ ಅಂತೀಯ ಅಂತ ಗೊತ್ತಿರೋದನ್ನ ಕೇಳೋದು ಯಾಕೆ?"

"ಗೊತ್ತಿದೆ ಅಂದ್ಕೊಂಡಿರೋದು ನಿಜವಾಗ್ಲೂ ಗೊತ್ತಿದೆಯಾ ಅಂತ ನೋಡೋಕೆ," ಎಂದು ಸೊಸೆ ನಕ್ಕಳು. "ಬೇಜಾರಾಗ್ಬೇಡಿ. ಮೂವತ್ತರಲ್ಲಿ ಇಪ್ಪತ್ತಾರು ಜನ ಹೀಗೇ ಮಾಡಿದ್ರು. ನಾವು ನಂಬಿದ್ದಕ್ಕೆ ಹೌದು ಅನ್ನೋದನ್ನೇ ಹುಡುಕ್ಕೊಂಡು ಹೋಗ್ತೀವಂತೆ. ಇನ್ನೂ ಒಂದು ವಾದ ಇದೆ: ಮನುಷ್ಯನಿಗೆ ತರ್ಕ ಬಂದಿದ್ದು ನಿಜ ಕಂಡುಹಿಡಿಯೋಕಲ್ಲ, ಜಗಳದಲ್ಲಿ ಗೆಲ್ಲೋಕೆ ಅಂತ."

"ಇದನ್ನ ತಿಳ್ಕೊಳ್ಳೋಕೆ ಅಷ್ಟು ದಪ್ಪ ಪುಸ್ತಕ ಓದ್ಬೇಕಿತ್ತಾ?" ಒಲೆಯ ಬಳಿಯಿಂದ ಅತ್ತೆ ಕೇಳಿದರು. "ನನ್ನ ಕೇಳಿದ್ರೆ ಮದುವೆ ಆದ ಎರಡನೇ ವಾರದಲ್ಲೇ ಹೇಳ್ತಿದ್ದೆ."

ಒಳಕೋಣೆಯಲ್ಲಿ ಮೊಮ್ಮಗಳು ನರಳಿದಳು. ಸೊಸೆ ಪೆನ್ಸಿಲ್ ಬಿಟ್ಟು ಎದ್ದಳು. ನಾಲ್ಕು ವರ್ಷದ ಆ ಮಗುವಿಗೆ ಹೊಟ್ಟೆ ಕೆಟ್ಟು ಅಂದಿಗೆ ಮೂರನೆಯ ದಿನ. ಮೊದಲ ದಿನ ಅತ್ತಿತ್ತು, ಎರಡನೆಯ ದಿನ ಹಟ ಮಾಡಿತ್ತು. ಈಗ ಎರಡನ್ನೂ ಬಿಟ್ಟು ಗೋಡೆಯ ಕಡೆ ನೋಡುತ್ತ ಮಲಗಿತ್ತು. ಹಿತ್ತಿಲ ತಂತಿಯ ಮೇಲೆ ಅದರ ಒಂಬತ್ತು ಚಡ್ಡಿಗಳು ಒಣಗುತ್ತಿದ್ದವು.

"ಇವತ್ತಾದ್ರೂ ನೀರು ಕಾಯಿಸಿ ಕೊಡ್ಲಾ?" ಅತ್ತೆ ಕೇಳಿದರು, ಗೋಡೆಗೆ ಕೇಳಿದ ಹಾಗೆ.

"ಐಸ್‌ಕ್ಯಾಂಡಿ ತಿನ್ನಿಸಿದ್ದು ಯಾರು? ನೀರಾ?" ಎಂದು ಮಾವ ಚಪ್ಪಲಿ ಮೆಟ್ಟಿದರು.

ಆ ಮನೆಯಲ್ಲಿ ಕುಡಿಯುವ ನೀರನ್ನು ಕಾಯಿಸುತ್ತಿರಲಿಲ್ಲ. ಇದು ಮಾವನ ಕಟ್ಟಳೆ. ಅಡುಗೆಯವನು ತಾನು ಮಾಡಿದ್ದನ್ನು ತಾನೇ ಉಣ್ಣದೆ ಪಕ್ಕದ ಹೋಟೆಲಿಗೆ ಹೋದರೆ ಊರು ಏನನ್ನುತ್ತದೆ ಎಂಬುದು ಅವರ ಪ್ರಶ್ನೆ. ಇಪ್ಪತ್ತೇಳು ವರ್ಷಗಳಿಂದ ನಲ್ಲಿಗೆ ಲೋಟ ಹಿಡಿದು, ಬೀದಿಯವರು ನೋಡುವ ಹಾಗೆ ಜಗಲಿಯ ಮೇಲೆ ನಿಂತು ಕುಡಿಯುವುದು ಅವರ ಬೆಳಗಿನ ಕಾರ್ಯಕ್ರಮ. ಒಂದು ಲೋಟ, ಅಷ್ಟೇ. ಉಳಿದ ದಿನವೆಲ್ಲ ಅವರ ಹೊಟ್ಟೆಗೆ ಹೋಗುತ್ತಿದ್ದದ್ದು ಚಹಾ, ಆ ಚಹಾ ಕುದಿಯುತ್ತಿತ್ತು. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನೀರಿನವರ ಮನೆಯಲ್ಲೇ ಕಾಯಿಸುವುದಿಲ್ಲ, ನಾವ್ಯಾಕೆ ಸೌದೆ ಗ್ಯಾಸು ಸುಡಬೇಕು ಎಂದು ಬೀದಿಯ ಇಪ್ಪತ್ತಾರು ಮನೆಗಳೂ ಯಾವತ್ತೋ ಕಾಯಿಸುವುದನ್ನು ಬಿಟ್ಟಿದ್ದವು. 'ನನ್ನನ್ನೇ ನೋಡ್ರೀ, ಗುಂಡುಕಲ್ಲು' ಎಂದು ಮಾವ ಎದೆ ತಟ್ಟಿಕೊಂಡರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿರಲಿಲ್ಲ.

ಬೀದಿಯಲ್ಲಿ ನಡೆಯುತ್ತ ಅವರು ಎಂದಿನಂತೆ ಕ್ಷೇಮ ವಿಚಾರಿಸಿದರು. ಎದುರು ಮನೆಯ ಟೈಲರಮ್ಮನ ಮಗನಿಗೂ ವಾಂತಿಯಂತೆ. ಅವನಿಗೆ ಹಳಸಿದ್ದು ತಿನ್ನುವ ಚಟ ಎಂಬುದು ಮಾವನಿಗೆ ತಿಳಿದಿತ್ತು. ಮೂಲೆಮನೆಯ ಕ್ಷೌರಿಕ ಅಂಗಡಿ ತೆಗೆಯದೆ ಎರಡು ದಿನವಾಗಿತ್ತು. ಅವನು ಕುಡಿಯುವವನು, ಸಹಜ. ಪೋಸ್ಟ್‌ಮ್ಯಾನಿನ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದರು. ಎಂಬತ್ತು ದಾಟಿದವರು, ಇನ್ನೇನು. ಪ್ರತಿ ಮನೆಗೂ ಅದರದರ ಕಾರಣ ಅವರ ಬಳಿ ತಯಾರಿತ್ತು. ಎಲ್ಲ ಕಾರಣಗಳೂ ನಂಬುವಂಥವೇ.

ಊರಿನ ನೀರನ್ನು ಶುದ್ಧಮಾಡುವ ಕಟ್ಟಡ ಊರ ಹೊರಗೆ, ಜಲಾಶಯದ ಏರಿಯ ಕೆಳಗಿತ್ತು. ಬೇಸಿಗೆ ಮುಗಿಯುವ ಕಾಲ. ಜಲಾಶಯ ತಳ ಕಂಡು, ನೀರು ಇದ್ದ ಕಡೆಗಿಂತ ಇಲ್ಲದ ಕಡೆಯೇ ಹೆಚ್ಚು ಕಾಣುತ್ತಿತ್ತು. ಕೆಸರಿನ ವಾಸನೆ ಗೇಟಿನವರೆಗೂ ಬರುತ್ತಿತ್ತು. ಕಚೇರಿಯಲ್ಲಿ ಮಾವನಿಗೆ ಹಳದಿ ಸಾರ್ ಎಂದು ಹೆಸರು. ಅವರ ಕೆಲಸ ಹೀಗೆ: ಶುದ್ಧವಾಗಿ ಊರಿಗೆ ಹೊರಡುವ ನೀರನ್ನು ಗಾಜಿನ ನಳಿಗೆಯಲ್ಲಿ ಹಿಡಿಯುವುದು, ಕಂದು ಬಾಟಲಿಯಿಂದ ಮೂರು ತೊಟ್ಟು ಔಷಧ ಬಿಡುವುದು. ನೀರಿನಲ್ಲಿ ಕ್ರಿಮಿ ಕೊಲ್ಲುವ ಕ್ಲೋರಿನ್ ಇದ್ದರೆ ಬಣ್ಣ ಹಳದಿಗೆ ತಿರುಗುತ್ತದೆ. ತಿರುಗಿದರೆ ಪುಸ್ತಕದಲ್ಲಿ ಹಳದಿ ಎಂದು ಬರೆದು ಸಹಿ. ಇಪ್ಪತ್ತೇಳು ವರ್ಷದ ಪುಸ್ತಕಗಳು ಬೀರುವಿನಲ್ಲಿದ್ದವು. ತೆಗೆದು ನೋಡಿದರೆ ಹಳದಿ, ಹಳದಿ, ಹಳದಿ.

ಆ ದಿನವೂ ಹಳದಿ ಬಂತು. ಮಾವ ಬರೆದು ಸಹಿ ಹಾಕಿದರು. ಆದರೆ ಪೆನ್ನು ಮುಚ್ಚುವಾಗ ಸೊಸೆಯ ನಗು ನೆನಪಾಯಿತು. ಒಂದ್ಸಲನಾದ್ರೂ ಇಲ್ಲ ಅನ್ನಿಸೋಕೆ ನೋಡಿದ್ರಾ? ಸಂಜೆ ಮನೆಗೆ ಹೋಗಿ ಅವಳ ಮುಂದೆ ಎರಡು ನಳಿಗೆ ಇಡಬೇಕು ಅನ್ನಿಸಿತು: ಒಂದರಲ್ಲಿ ಹೌದು, ಒಂದರಲ್ಲಿ ಇಲ್ಲ. ನೋಡಮ್ಮ, ನಿಮ್ಮ ದಪ್ಪ ಪುಸ್ತಕದವರು ಹೇಳಿದ್ದನ್ನ ನಾವು ಕೈಯಲ್ಲೇ ಮಾಡ್ತೀವಿ ಎನ್ನಬೇಕು. ಇಲ್ಲ ಬರುವ ನೀರು ಬೇಕಾದಷ್ಟಿತ್ತು. ಜಲಾಶಯದಿಂದ ಒಳಗೆ ಬರುವ ಕಾಲುವೆಯಲ್ಲಿ ಇನ್ನೂ ಕ್ಲೋರಿನ್ ಬೆರೆತಿರುವುದಿಲ್ಲ. ಅಲ್ಲಿನ ನೀರನ್ನು ಈ ಔಷಧದಿಂದ ಇದುವರೆಗೆ ಯಾರೂ ಪರೀಕ್ಷಿಸಿರಲಿಲ್ಲ. ಏನೂ ಇಲ್ಲವೆಂದು ಗೊತ್ತಿರುವ ಕಡೆ ಹುಡುಕುವುದು ಹುಚ್ಚರ ಕೆಲಸ.

ಮಾವ ಕಾಲುವೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಬಟ್ಟೆಯಲ್ಲಿ ಸೋಸಿ ನಳಿಗೆ ತುಂಬಿಕೊಂಡರು. ಮೂರು ತೊಟ್ಟು ಬಿಟ್ಟರು. ಬಿಸಿಲಿಗೆ ಹಿಡಿದರು.

ಹಳದಿ.

ನಳಿಗೆ ಕೊಳೆಯಾಗಿರಬೇಕು ಎಂದುಕೊಂಡರು. ಒಳಗೆ ಹೋಗಿ ತೊಳೆದು, ಹೊಸ ನಳಿಗೆಯನ್ನೂ ತಂದು, ಮತ್ತೆ ತುಂಬಿದರು. ಎರಡರಲ್ಲೂ ಹಳದಿ, ತಾವು ಅರ್ಧ ಗಂಟೆಯ ಹಿಂದೆ ಸಹಿ ಹಾಕಿದ್ದರಲ್ಲ, ಅದೇ ಹಳದಿ. ಔಷಧ ಕೆಟ್ಟಿರಬೇಕು ಎಂದುಕೊಂಡರು. ಜನರೇಟರಿನ ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರಿನ ಕ್ಯಾನು ತರಿಸಿ ಅದರಲ್ಲಿ ಮೂರು ತೊಟ್ಟು ಬಿಟ್ಟರು. ನೀರು ಗಾಜಿನಂತೆ ತಿಳಿಯಾಗಿಯೇ ನಿಂತಿತು. ಔಷಧ ಕೆಟ್ಟಿರಲಿಲ್ಲ. ಮಾವ ಬಾಟಲಿಯನ್ನು ತಿರುಗಿಸಿದರು. ಇಪ್ಪತ್ತೇಳು ವರ್ಷ ಕೈಯಲ್ಲಿ ಆಡಿದ ಬಾಟಲಿಯ ಹಿಂಬದಿಯಲ್ಲಿ ಇರುವೆಗಾತ್ರದ ಅಕ್ಷರಗಳಿದ್ದವು. ಕನ್ನಡಕ ಹಣೆಗೇರಿಸಿ ಓದಿದರು: ನೀರಿನಲ್ಲಿ ಮ್ಯಾಂಗನೀಸ್ ಎಂಬ ಲೋಹವಿದ್ದರೂ ಇದೇ ಬಣ್ಣ ಬರಬಹುದು, ಎಚ್ಚರಿಕೆ. ಅವರು ತಲೆ ಎತ್ತಿ ಜಲಾಶಯದ ಕರಿ ಕೆಸರನ್ನು ನೋಡಿದರು. ಗಾಳಿ ನಿಂತಿತ್ತು. ಅಲ್ಲಿ ಒಂದು ಹಕ್ಕಿಯೂ ಇರಲಿಲ್ಲ.

ನೀರಿಗೆ ಬೆರೆಸುವ ಕ್ಲೋರಿನ್ ಗ್ಯಾಸಿನ ಕೋಣೆಯನ್ನು ನೋಡಿಕೊಳ್ಳುವವನನ್ನು ಎಲ್ಲರೂ ಸಿಲಿಂಡರ್ ಎನ್ನುತ್ತಿದ್ದರು, ಕೆಲಸಕ್ಕೂ ಆಕಾರಕ್ಕೂ ಒಟ್ಟಿಗೆ ಸಲ್ಲುವಂತೆ. ಅವನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಪೇಪರಿನ ಪದಬಂಧ ತುಂಬುತ್ತಿದ್ದ.

"ಗ್ಯಾಸ್ ಹೋಗ್ತಾ ಇದೆಯೇನೋ?"

"ಇದೇನ್ ಸಾರ್ ಹಿಂಗ್ ಕೇಳ್ತೀರಿ? ಹೋಗ್ದೆ ಎಲ್ಲಿಗ್ ಹೋಗುತ್ತೆ?"

"ನಿನಗೆ ಹೇಗ್ ಗೊತ್ತು?"

"ಹಳದಿ ಬರ್ತಿದೆಯಲ್ಲ ಸಾರ್. ನಿಮ್ಮ ಪುಸ್ತಕ ನೋಡ್ದೆ ನಾನು ಸಹಿ ಹಾಕಿದ್ದುಂಟಾ?"

ಇಷ್ಟು ವರ್ಷ ಮಾವ ಹಳದಿಯನ್ನು ನಂಬಿದ್ದು ಸಿಲಿಂಡರ್ ಗ್ಯಾಸ್ ಬಿಡುತ್ತಾನೆಂದು. ಸಿಲಿಂಡರ್ ಗ್ಯಾಸನ್ನು ನಂಬಿದ್ದು ಇವರು ಹಳದಿ ಬರೆಯುತ್ತಾರೆಂದು. ಕುರುಡನ ಹೆಗಲ ಮೇಲೆ ಕುರುಡ ಕೈಯಿಟ್ಟು ನಡೆದಿದ್ದ, ಇಬ್ಬರಿಗೂ ದಾರಿ ಚೆನ್ನಾಗಿ ಕಂಡಿತ್ತು.

ಒಳಗೆ ಗ್ಯಾಸಿನ ದೊಡ್ಡ ಸಿಲಿಂಡರು ನೆಲದ ತಕ್ಕಡಿಯ ಮೇಲೆ ನಿಂತಿತ್ತು. ಗ್ಯಾಸ್ ಖರ್ಚಾದ ಹಾಗೆ ತೂಕ ಇಳಿಯಬೇಕು, ಗೋಡೆಯ ಗಡಿಯಾರದಂಥ ಮುಖದ ಮೇಲೆ ಮುಳ್ಳು ಹಿಂದಕ್ಕೆ ಬರಬೇಕು. ಪಕ್ಕದ ಹಲಗೆಯ ಮೇಲೆ ದಿನದಿನದ ತೂಕ ಸೀಮೆಸುಣ್ಣದಲ್ಲಿ ಬರೆದಿತ್ತು. ನಾಲ್ಕನೆಯ ತಾರೀಖಿನಿಂದ ಇಪ್ಪತ್ತೆರಡರವರೆಗೆ ಒಂದೇ ಅಂಕಿ.

"ಇದೇನಿದು?"

"ಮುಳ್ಳು ಸತ್ತೋಗಿದೆ ಸಾರ್. ನಾಲ್ಕನೇ ತಾರೀಖು ಅಲ್ಲೇ ನಿಂತ್ಬಿಡ್ತು. ರಿಪೇರಿಗೆ ಬರ್ದಿದ್ದೀನಿ."

"ಸತ್ತಿದೆ ಅಂತ ಯಾರು ಹೇಳಿದ್ದು?"

"ಹಳದಿ ಬರ್ತಿದೆ, ಗ್ಯಾಸ್ ಖರ್ಚಾಗ್ತಿದೆ, ಮುಳ್ಳು ಮಾತ್ರ ಅಲ್ಲಾಡ್ತಿಲ್ಲ. ಅಂದ್ಮೇಲೆ ಸತ್ತಿರೋದು ಯಾರು ಸಾರ್?" ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ.

"ವಾಸನೆ? ಈ ಕೋಣೇಲಿ ಮೂಗು ಉರಿಯೋ ವಾಸನೆ ಇರ್ತಿತ್ತಲ್ಲೋ."

"ನನಗೆ ಹದಿನೈದು ದಿನದಿಂದ ಶೀತ ಸಾರ್. ಯಾವ ವಾಸನೇನೂ ಗೊತ್ತಾಗ್ತಿಲ್ಲ."

ಅವನ ಧ್ವನಿಯಲ್ಲಿ ಶೀತವಿರಲಿಲ್ಲ. ವಾಸನೆ ಇಲ್ಲದ್ದರಿಂದ ಶೀತವಾಗಿದೆಯೆಂದು ಅವನು ತೀರ್ಮಾನಿಸಿದ್ದ, ಮಾತ್ರೆಯನ್ನೂ ನುಂಗುತ್ತಿದ್ದ.

ಮಾವ ಚಪ್ಪಲಿ ಬಿಟ್ಟು, ಗ್ಯಾಸಿನ ಸಿಲಿಂಡರನ್ನು ತಬ್ಬಿಕೊಂಡು, ತಕ್ಕಡಿಯ ಮೇಲೆ ಹತ್ತಿ ನಿಂತರು. ಮುಳ್ಳು ಒಂದು ಸಲ ನಡುಗಿ, ಅರವತ್ತೊಂದು ಕಿಲೋ ಮುಂದಕ್ಕೆ ಹೋಗಿ ನಿಂತಿತು. ಇಳಿದರು. ಹಿಂದಿನ ಜಾಗಕ್ಕೇ ಬಂತು. ಮುಳ್ಳಿಗೆ ಏನೂ ಆಗಿರಲಿಲ್ಲ.

"ಹದಿನೆಂಟು ದಿನ," ಎಂದರು ಮಾವ.

"ಹಂಗಾದ್ರೆ ನನಗೆ ಶೀತ ಇಲ್ವಾ ಸಾರ್?" ಎಂದ ಸಿಲಿಂಡರ್.

ಸಿಲಿಂಡರಿನಿಂದ ಗ್ಯಾಸು ಹೊರಡುವ ಕೊಳವೆಯ ಬಾಯಿಗೆ ತುಕ್ಕು ಕಟ್ಟಿ ಬಿರಡೆಯಾಗಿತ್ತು. ಬಿಡಿಸಿ, ಉಜ್ಜಿ, ಹೊಸ ತಿರುಪು ಹಾಕುವಷ್ಟರಲ್ಲಿ ಹನ್ನೊಂದೂವರೆ. ಗ್ಯಾಸು ಹರಿಯತೊಡಗಿದ ಕೂಡಲೇ ಸಿಲಿಂಡರನ ಕಣ್ಣಲ್ಲಿ ನೀರು ಬಂತು, ಅವನ ಶೀತ ವಾಸಿಯಾಯಿತು. ಮಾವ ಮೇಲಿನ ಇಂಜಿನಿಯರ್ ಸಾಹೇಬರಿಗೆ ಫೋನ್ ಮಾಡಿದರು. ಸಾಹೇಬರು ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡರು.

"ಈಗ ಹೋಗ್ತಿದೆಯಲ್ಲ?"

"ಹೋಗ್ತಿದೆ ಸಾರ್."

"ಹಳದಿ ಬರ್ತಿದೆಯಲ್ಲ?"

"ಅದು ಬರ್ತಾನೇ ಇತ್ತು ಸಾರ್, ಅದೇ ಹೇಳ್ತಿರೋದು."

"ಮತ್ತೆ? ಕಂಡಿದ್ದನ್ನ ಬರ್ದಿದ್ದೀರಿ. ಹಳದಿ ಕಂಡು ಕೆಂಪು ಅಂತ ಬರ್ದಿದ್ರೆ ತಪ್ಪು. ನಿಮ್ಮ ಮೇಲೆ ಯಾರೂ ಬೆರಳು ತೋರ್ಸೋ ಹಾಗಿಲ್ಲ."

"ಆದ್ರೆ ಟ್ಯಾಂಕ್‌ಗಳಲ್ಲಿ, ಪೈಪುಗಳಲ್ಲಿ ಹಳೇ ನೀರೇ ಇದೆ. ಹೊಸದು ಕೊನೇ ನಲ್ಲಿ ಮುಟ್ಟೋಕೆ ನಾಲ್ಕು ದಿನ ಬೇಕು. ಕಾಯಿಸಿ ಕುಡೀರಿ ಅಂತ ಊರಲ್ಲಿ ಮೈಕಲ್ಲಿ ಕೂಗಿಸಿದ್ರೆ..."

"ಯಾಕೆ ಅಂತ ಕೇಳ್ತಾರೆ. ಏನ್ ಹೇಳ್ತೀರಿ?" ಎಂದರು ಸಾಹೇಬರು. "ಹದಿನೆಂಟು ದಿನ ಅಂತೀರಾ? ನಿಮ್ಮದೇ ಸಹಿ ಇರೋ ಪುಸ್ತಕ ತೋರ್ಸಿ? ನೋಡಿ, ಹದಿನೆಂಟು ದಿನ ಆಗದೇ ಇರೋದು ನಾಲ್ಕು ದಿನದಲ್ಲಿ ಆಗುತ್ತಾ? ನಿಮಗಿನ್ನೂ ಎಂಟು ತಿಂಗಳು ಸರ್ವೀಸು ಅಲ್ವಾ?"

ಮಾವ ಫೋನಿಟ್ಟರು. ಬೆಳಗಿನ ನಮೂದು ಪುಸ್ತಕದಲ್ಲಿ ಹಾಗೇ ಇತ್ತು. ಪೆನ್ನು ತೆಗೆದು ಅದರ ಮೇಲೆ ಹಿಡಿದರು. ಬರೆದದ್ದು ಸುಳ್ಳಾಗಿದ್ದರೆ ಹೊಡೆದುಹಾಕಬಹುದಿತ್ತು. ಹಳದಿ ಬಂದದ್ದು ನಿಜ. ಪೆನ್ನು ಮುಚ್ಚಿ ಜೇಬಿಗಿಟ್ಟರು.

ಮಧ್ಯಾಹ್ನ ಎರಡಕ್ಕೇ ಮನೆಗೆ ಬಂದವರು ಯಾರೊಡನೆಯೂ ಮಾತಾಡದೆ ಅಡುಗೆಮನೆಗೆ ಹೋದರು. ಅಟ್ಟದಿಂದ ದೊಡ್ಡ ಪಾತ್ರೆ ಇಳಿಸಿ, ನಲ್ಲಿಗೆ ಹಿಡಿದು, ಒಲೆಯ ಮೇಲಿಟ್ಟು ಬೆಂಕಿ ಹಚ್ಚಿದರು. ಅತ್ತೆ ಬಾಗಿಲಲ್ಲಿ ನಿಂತರು.

"ಈ ಬಿಸಿಲಲ್ಲಿ ಸ್ನಾನಕ್ಕಾ?"

"ಕುಡಿಯೋಕೆ."

ಅತ್ತೆ ಬಂದು ಗಂಡನ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡು, ಒಲೆಯ ಉರಿಯನ್ನು ಇನ್ನೂ ದೊಡ್ಡದು ಮಾಡಿದರು.

ಅಡುಗೆಮನೆಯ ಕಿಟಕಿ ಬೀದಿಗೆ ತೆರೆದಿತ್ತು. ಎದುರಿಗೆ ಟೈಲರಮ್ಮ ಮಷೀನು ತುಳಿಯುತ್ತಿದ್ದವರು ಕಾಲು ನಿಲ್ಲಿಸಿ, ನೀರಿನವರ ಕಿಟಕಿಯಿಂದ ಏಳುತ್ತಿದ್ದ ಹಬೆಯನ್ನು ನೋಡಿದರು. ಮಾವನ ಕಣ್ಣಿಗೆ ಕಣ್ಣು ಸೇರಿತು. ಆಕೆ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಆ ಮನೆಯಿಂದ ಪಾತ್ರೆಯ ಸದ್ದು ಕೇಳಿಸಿತು, ಆಮೇಲೆ ಪಕ್ಕದ ಮನೆಯಿಂದ, ಆಮೇಲೆ ಮೂಲೆಯಿಂದ.

ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಬಂದಳು. ಮಗುವಿನ ಕಣ್ಣು ಅರ್ಧ ತೆರೆದಿತ್ತು, ತುಟಿ ಬಿರಿದಿತ್ತು. ಅವಳು ಒಲೆಯನ್ನೂ ಮಾವನನ್ನೂ ನೋಡಿದಳು.

"ಎಷ್ಟು ದಿನದಿಂದ ಮಾವ?"

ಅವರು ಹೇಳಿದರು.

"ಊರಿಗೆ ಹೇಳಿದ್ರಾ?"

ಮಾವ ಮೂರು ಕಾರಣ ಕೊಟ್ಟರು. ಗ್ಯಾಸು ಈಗ ಸರಿಯಾಗಿದೆ. ಮೇಲಿನವರು ಬೇಡವೆಂದಿದ್ದಾರೆ. ಜನ ಹೆದರಿ ಓಡಾಡಿದರೆ ನೀರಿಗಿಂತ ದೊಡ್ಡ ಅನಾಹುತವಾಗುತ್ತದೆ. ಪ್ರತಿ ಕಾರಣವೂ ಹಿಂದಿನದಕ್ಕಿಂತ ದೊಡ್ಡದಾಗಿತ್ತು. ಸೊಸೆ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಆಟೋ ಕರೆಸಿ ಮಗುವನ್ನು ಆಸ್ಪತ್ರೆಗೆ ಕರೆದೊಯ್ದಳು.

ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಒಂದು ಮಂಚಕ್ಕೆ ಇಬ್ಬರಂತೆ ಮಲಗಿಸಿದ್ದರು. ಡ್ಯೂಟಿ ಡಾಕ್ಟರು ಎರಡು ದಿನದಿಂದ ನಿದ್ದೆಗೆಟ್ಟ ಹುಡುಗಿ. ಸೊಸೆ ಅವಳನ್ನು ತಡೆದು, ನೀರಿನಿಂದ, ಊರಿನ ನೀರಿನಿಂದಲೇ ಎಂದಳು. ಡಾಕ್ಟರಿಗೂ ಅದೇ ಅನುಮಾನ ಬಂದಿತ್ತು. ಬೆಳಿಗ್ಗೆಯೇ ನೀರಿನ ಕಚೇರಿಗೆ ಫೋನ್ ಮಾಡಿ ಕೇಳಿದ್ದಳಂತೆ, ಸರಿಯಿದೆ ಎಂದಿದ್ದರಂತೆ.

"ಮತ್ತೆ ಕೇಳಿ. ಈಗ ಕೇಳಿ," ಎಂದಳು ಸೊಸೆ.

ಡಾಕ್ಟರು ಅವಳ ಮುಖ ನೋಡಿ ಮತ್ತೆ ಫೋನ್ ಮಾಡಿದಳು. ಆ ಕಡೆಯಲ್ಲಿ ಯಾರೋ ಪುಸ್ತಕ ತೆರೆದು ಓದಿದರು. ಸಾಲುಸಾಲಾಗಿ ಓದಿದರು, ತಾರೀಖಿನ ಸಮೇತ. ಡಾಕ್ಟರು ಸರಿ ಸರಿ ಎನ್ನುತ್ತ ಬರೆದುಕೊಂಡಳು.

"ನೀರಲ್ಲಮ್ಮ," ಎಂದಳು ಫೋನಿಟ್ಟು. "ಇವತ್ತು ಬೆಳಿಗ್ಗೆ ಕೂಡ ಸರಿಯಿದೆ. ಅಲ್ಲಿರೋರು ಬಹಳ ಹಳಬರಂತೆ, ಇಪ್ಪತ್ತೇಳು ವರ್ಷ ಒಂದು ದಿನ ತಪ್ಪಿಲ್ಲವಂತೆ. ಮಗು ಹೊರಗೆ ಏನಾದ್ರೂ ತಿಂದಿತ್ತಾ? ಐಸ್‌ಕ್ಯಾಂಡಿ ಏನಾದ್ರೂ?"

"ಅದನ್ನ ಬರೆದವರು ನಮ್ಮ ಮಾವ," ಎಂದಳು ಸೊಸೆ.

"ಹಾಗಿದ್ರೆ ನಿಮಗೇ ಗೊತ್ತಿರುತ್ತಲ್ಲ," ಎಂದು ಡಾಕ್ಟರು, ಅವಳು ಹೇಳಹೊರಟದ್ದನ್ನು ಕೇಳಲು ನಿಲ್ಲದೆ, ಮುಂದಿನ ಮಂಚಕ್ಕೆ ಹೋದಳು.

ಮೊಮ್ಮಗಳು ಆರು ದಿನದ ಮೇಲೆ ಮನೆಗೆ ಬಂದಳು. ಆ ಬೀದಿಯ ಇಪ್ಪತ್ತಾರು ಮನೆಗಳಲ್ಲಿ ಆ ಮಂಗಳವಾರದ ನಂತರ ಹೊಸದಾಗಿ ಯಾರೂ ಕಾಯಿಲೆ ಬೀಳಲಿಲ್ಲ. ಊರಿನ ಉಳಿದ ಬೀದಿಗಳಿಂದ ಮುಂದಿನ ನಾಲ್ಕು ದಿನಗಳಲ್ಲಿ ಇನ್ನೂರ ಹನ್ನೊಂದು ಮಂದಿ ಆಸ್ಪತ್ರೆ ಸೇರಿದರು, ಒಂಬತ್ತು ಮಂದಿ ಹಿಂದಿರುಗಲಿಲ್ಲ. ಪುಸ್ತಕದಲ್ಲಿ ಆ ಎಲ್ಲ ದಿನಗಳಿಗೂ ಹಳದಿ ಎಂದಿದೆ.